ಗಯ್ಯಾಳಿಯ ಕರೆಂಟು ಕುಡಿದವರು ಯಾರು?

“ಇನ್ನೊಂದು ಸಲ ತಿರುಗಿಸು,” ಎಂದಳು ಚಿಕ್ಕಮ್ಮ.

ಸ್ಟೀರಿಂಗಿನ ಹಿಂದೆ ಕೂತಿದ್ದ ಮಗಳು ಕೀಲಿ ತಿರುಗಿಸಿದಳು. ಟಕ್. ಅಷ್ಟೇ. ಶುರುವಾದರೆ ಇಡೀ ಬೀದಿಯನ್ನು ಬೈದು ಎಬ್ಬಿಸುವ ಕಾರು ಅದು. ಆ ಬಾಯಿಯ ದೆಸೆಯಿಂದಲೇ ‘ಗಯ್ಯಾಳಿ’ ಎಂಬ ಬಿರುದು ಬಂದಿತ್ತು. ಅಂಥದ್ದು ಇವತ್ತು ತುಟಿಪಿಟಕ್ಕೆನ್ನಲಿಲ್ಲ.

“ಬ್ಯಾಟರಿ ಸತ್ತುಹೋಗಿದೆ ಚಿಕ್ಕಮ್ಮ. ಪೂರ್ತಿ.”

“ಸಾಯೋದಕ್ಕೆ ಇವತ್ತೇ ಮುಹೂರ್ತ ಸಿಕ್ತಾ ಇದಕ್ಕೆ!”

ಮಗಳು ಹಲ್ಲಿನ ಡಾಕ್ಟರು. ಮುಂದಿನ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿ ದವಡೆಗೆ ಇಂಜೆಕ್ಷನ್ ಹಾಕಿಸಿಕೊಂಡು, ಅದು ಮರಗಟ್ಟಲೆಂದು ಕಾಯುತ್ತಿದ್ದ. ಆ ಬಿಡುವಿನಲ್ಲಿ ಅವಳು ಹಿಂದಿನ ತಗಡಿನ ಶೆಡ್ಡಿಗೆ ಓಡಿ ಬಂದಿದ್ದಳು. ಮಾಸ್ಕು ಇನ್ನೂ ಗದ್ದದ ಕೆಳಗೆ ನೇತಾಡುತ್ತಿತ್ತು. ಚಿಕ್ಕಮ್ಮನಿಗೆ ಅವಳು ಅಕ್ಕನ ಮಗಳು. ಅಕ್ಕ ಹೋದಮೇಲೆ ‘ಅಕ್ಕನ’ ಎಂಬ ಮಾತು ಬಿದ್ದುಹೋಗಿ ಬರೀ ಮಗಳಾಗಿದ್ದಳು.

ಊರಿನ ರೇಸ್ ಕ್ಲಬ್ಬಿನವರ, ಗಯ್ಯಾಳಿಯಂಥವೇ ಎರಡು ರೇಸ್ ಕಾರುಗಳು ಬೀಗ ಹಾಕಿದ ಶೆಡ್ಡುಗಳಿಂದಲೇ ಮಾಯವಾಗಿದ್ದವು. ಎರಡಕ್ಕೂ ಕಳ್ಳತನ ತಡೆಯುವ ಟ್ರ್ಯಾಕರ್ ಹಾಕಿಕೊಟ್ಟವನು ಈ ಮಗಳ ತಮ್ಮ, ಅದೇ ಅಂಗಡಿ ಇಟ್ಟವನು, ಮನೆಯವರ ಬಾಯಲ್ಲಿ ‘ಗಡ್ಡ’. ಈಗ ಲಾಕಪ್ಪಿನಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಲ್ಲಿಂದ ಜೈಲೋ ಮನೆಯೋ ಎಂಬುದು ಇವತ್ತು ಈ ಶೆಡ್ಡಿನಲ್ಲಿ ಆಗುವ ತೀರ್ಮಾನದ ಮೇಲಿತ್ತು.

ಟ್ರ್ಯಾಕರ್ ಅಂದರೆ ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ. ಕಾರಿನ ಹೊಟ್ಟೆಯೊಳಗೆ ಎಲ್ಲೋ ಅಡಗಿ ಕೂತು, ಕಾರು ಎಲ್ಲಿದೆ ಎಂದು ಯಜಮಾನನ ಫೋನಿಗೆ ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಕದ್ದುಹೋದ ಎರಡೂ ಕಾರುಗಳಲ್ಲಿ ನಡೆದದ್ದೇ ವಿಚಿತ್ರ. ಕಾರು ಊರು ಬಿಟ್ಟು ಹೋಗಿತ್ತು, ಚುಕ್ಕೆ ಮಾತ್ರ ಶೆಡ್ಡಿನಲ್ಲೇ ಹಾಯಾಗಿ ಕೂತಿತ್ತು. ಯಜಮಾನರು ಮರುದಿನ ಬಾಗಿಲು ತೆಗೆಯುವವರೆಗೂ ಯಾರಿಗೂ ಸುಳಿವಿಲ್ಲ. ಹಾಕಿದವನೇ ಚುಕ್ಕೆಗೆ ಸುಳ್ಳು ಹೇಳಲು ಕಲಿಸಿದ್ದಾನೆ ಎಂದಿದ್ದ ಇನ್‌ಸ್ಪೆಕ್ಟರ್. ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದ.

“ಊರಿಗೆಲ್ಲಾ ಟ್ರ್ಯಾಕರ್ ಹಾಕಿದವನು ಸ್ವಂತ ಅಕ್ಕನ ಕಾರಿಗೇ ಯಾಕೆ ಹಾಕ್ಲಿಲ್ಲ? ಅಕ್ಕನ ಕಾರು ಉಳೀಲಿ ಅಂತ ತಾನೇ?”

ಗಡ್ಡ ಅದಕ್ಕೆ ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ಕೂತ. ಮಾತಿನ ಮಲ್ಲ ಆ ಒಂದು ಪ್ರಶ್ನೆಗೆ ಬಾಯಿಗೆ ಬೀಗ ಹಾಕಿಕೊಂಡದ್ದೇ ಚಿಕ್ಕಮ್ಮನ ನಿದ್ದೆ ಕೆಡಿಸಿತ್ತು.

ಹಾಗೆಂದೇ ಅವಳು ಒಂದು ಹೊಸ ಟ್ರ್ಯಾಕರ್ ತಂದು ಗಯ್ಯಾಳಿಯ ಬಾನೆಟ್ಟಿನ ಮೇಲೆ ಇಟ್ಟಿದ್ದಳು.

“ನೋಡು ಮಗಳೇ, ಮುಚ್ಚುಮರೆ ಯಾಕೆ. ಇದನ್ನ ಹಾಕ್ಸೋಣ, ಹಾಕ್ಸಿದ್ದೀವಿ ಅಂತ ಕ್ಲಬ್ಬಿನಲ್ಲೆಲ್ಲಾ ಡಂಗುರ ಹೊಡಿಯೋಣ. ಕಳ್ಳನಿಗೆ ಟ್ರ್ಯಾಕರ್ ಇರೋ ಕಾರೇ ಬೇಕು. ಬಂದ ಅಂದ್ರೆ, ಗಡ್ಡ ಒಳಗಿರುವಾಗಲೇ ಮೂರನೇ ಕಳ್ಳತನ ಆಗುತ್ತೆ. ಅವನ ಮೇಲಿನ ಮಾತು ಅಲ್ಲಿಗೇ ಬಿದ್ದುಹೋಯ್ತು.”

“ಕಾರು?”

“ಹೋದ್ರೂ ಹೋಗಬಹುದು.”

ಮಗಳು ಸ್ಟೀರಿಂಗಿನ ಮೇಲೆ ಕೈ ಸವರಿದಳು. ಗುಜರಿಯಿಂದ ತಂದ ಮೈಗೆ ಅಪ್ಪ ಮಗಳು ಸೇರಿ ಒಂದೊಂದೇ ಬೋಲ್ಟು ಬಿಗಿದು ಎಬ್ಬಿಸಿದ ಕಾರು. ಆ ಗೇರ್ ಹಿಡಿಯನ್ನು ಅಪ್ಪ ಅವಳ ಅಂಗೈ ಅಳತೆಗೆ ಉಜ್ಜಿ ಉಜ್ಜಿ ಮಾಡಿದ್ದ. ಅಪ್ಪ ಹೋದಮೇಲೆ ಅವಳು ಅಳಬೇಕೆನಿಸಿದಾಗಲೆಲ್ಲ ಇದರೊಳಗೆ ಬಂದು ಕೂತು ಅಳುತ್ತಿದ್ದಳು. ಒಂದು ಕಡೆ ಅಪ್ಪನ ಕಾರು, ಇನ್ನೊಂದು ಕಡೆ ಅಪ್ಪನ ಮಗ. ಎಂಥ ತಕ್ಕಡಿ ಕೈಗೆ ಕೊಟ್ಟೆನಲ್ಲ ಈ ಹುಡುಗಿಗೆ ಎಂದುಕೊಂಡಳು ಚಿಕ್ಕಮ್ಮ.

“ಬೇಡ,” ಎಂದಿತು ಒಂದು ಗಂಡು ದನಿ.

“ಬೇಡವೇ ಬೇಡ,” ಎಂದಿತು ಇನ್ನೊಂದು.

ಚಿಕ್ಕಮ್ಮ ತಿರುಗಿ ನೋಡಿದಳು. ಮೊದಲನೆಯವನು ಅಳಿಯ, ಮಗಳ ಗಂಡ, ಕನ್ನಡಕದ ಅಂಗಡಿಯವನು. ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಗಯ್ಯಾಳಿಯನ್ನು ಕಂಡರೆ ಅವನಿಗೆ ಮೊದಲಿಂದಲೂ ಆಗದು. ಎರಡನೆಯವನು ಗ್ಯಾರೇಜ್ ಮಾಮ. ಎದೆಯ ಮೇಲೆ ದೊಡ್ಡ ಜೇಬಿರುವ, ಗ್ರೀಸು ಕುಡಿದು ಗಟ್ಟಿಯಾದ ಮೇಲಂಗಿ. ಅಪ್ಪನ ಕಾಲದಿಂದ ಈ ಕಾರಿನ ಎಂಜಿನ್ನಿಗೆ ಕೈಯಿಟ್ಟವನು ಅವನೊಬ್ಬನೇ. ಕ್ಲಬ್ಬಿನ ಉಳಿದ ಕಾರುಗಳು ಸರ್ವೀಸಿಗೆ ಹೋಗುತ್ತಿದ್ದದ್ದೂ ಅವನ ಗ್ಯಾರೇಜಿಗೇ. ಗಯ್ಯಾಳಿಗೆ ಸೀನು ಬಂದರೆ ಅವನಿಗೆ ನೆಗಡಿ.

ಇಬ್ಬರದೂ ಎಣ್ಣೆ ಸೀಗೇಕಾಯಿ. ಬಾಗಿಲು ಎಷ್ಟು ತೆರೆದಿಡಬೇಕು ಎಂಬುದಕ್ಕೂ ಜಗಳ ಆಡುವವರು ಇವತ್ತು ಒಂದೇ ಉಸಿರಿನಲ್ಲಿ ‘ಬೇಡ’ ಎಂದಿದ್ದರು. ಚಿಕ್ಕಮ್ಮ ಇಡೀ ವೃತ್ತಿಜೀವನವನ್ನು ಇನ್ಶೂರೆನ್ಸ್ ಸರ್ವೇಯರ್ ಆಗಿ, ಕದ್ದ ಕಾರುಗಳ ಸುಳ್ಳು ಕಥೆ ಕೇಳುತ್ತಲೇ ಕಳೆದವಳು. ಜಗಳವಾಡುವವರನ್ನು ಅವಳು ನಂಬುತ್ತಿದ್ದಳು. ಇದ್ದಕ್ಕಿದ್ದಂತೆ ಒಪ್ಪಿಕೊಳ್ಳುವವರನ್ನಲ್ಲ.

“ನಿಮಗೆ ಯಾಕೆ ಬೇಡ ಅಣ್ಣ?” ಎಂದು ಮಾಮನನ್ನೇ ಮೊದಲು ಕೇಳಿದಳು.

“ಈ ಕಾರಿನ ಒಂದು ವೈರು ಕತ್ತರಿಸೋಕೂ ನಾನು ಬಿಡಲ್ಲ ತಾಯಿ. ಟ್ರ್ಯಾಕರ್ ಅಂದ್ರೆ ಸುಮ್ನೆನಾ? ಹಗಲೂ ರಾತ್ರಿ ಕರೆಂಟು ಕುಡೀತಾ ಕೂರುತ್ತೆ. ನಿಂತಲ್ಲೇ ನಿಲ್ಲೋ ಕಾರಿಗೆ ಅದು ಜಿಗಣೆ.”

“ನಿಮಗೆ ಅಳಿಯಂದ್ರೇ?”

“ನನಗೆ… ಸುಮ್ನೆ ಅತ್ತೆ. ಈಗ ಹಾಕ್ಸಿದ್ರೆ ಪೊಲೀಸರು ನಾಟಕ ಅನ್ನಲ್ವಾ?” ಅಳಿಯ ಕನ್ನಡಕ ತೆಗೆದು ಒರೆಸಿದ. ಅದು ಮೊದಲೇ ಫಳಫಳ ಹೊಳೆಯುತ್ತಿತ್ತು.

ಚಿಕ್ಕಮ್ಮನ ಕಿವಿಯಲ್ಲಿ ಮಾಮನ ಮಾತೇ ಉಳಿದಿತ್ತು. ಕರೆಂಟು ಕುಡೀತಾ ಕೂರುತ್ತೆ.

“ಮಗಳೇ, ಆ ಮೇನ್ ಸ್ವಿಚ್ ಎಲ್ಲಿದೆ?”

ರೇಸ್ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹತ್ತಿರ ಒಂದು ಕೆಂಪು ಸ್ವಿಚ್ಚು ಇರುತ್ತದೆ. ಅಪಘಾತವಾದರೆ ಬೆಂಕಿ ಹತ್ತದಿರಲೆಂದು, ಅದನ್ನು ತಿರುಗಿಸಿದರೆ ಬ್ಯಾಟರಿಗೂ ಕಾರಿಗೂ ಸಂಬಂಧವೇ ಕಡಿದುಹೋಗುತ್ತದೆ. ಕಾರು ಇಳಿಯುವಾಗ ಅದನ್ನು ಆಫ್ ಮಾಡುವುದು ಮಗಳಿಗೆ ಅಪ್ಪ ಕಲಿಸಿದ ರೂಢಿ.

“ಆಫ್ ಆಗಿತ್ತು ಚಿಕ್ಕಮ್ಮ. ಈಗ ಸ್ಟಾರ್ಟ್ ಮಾಡೋಕೆ ನಾನೇ ಆನ್ ಮಾಡಿದ್ದು.”

“ಬ್ಯಾಟರಿ ಹಳೇದಾ?”

“ಹೊಸದು,” ಎಂದ ಮಾಮ. “ಹೋದ ತಿಂಗಳು ಸರ್ವೀಸಲ್ಲಿ ನಾನೇ ಹಾಕಿದ್ದು. ಅದಾದಮೇಲೆ ಕಾರು ಹೊರಗೇ ಹೋಗಿಲ್ಲ.”

“ಹೊಸ ಬ್ಯಾಟರಿ. ಸ್ವಿಚ್ಚು ಆಫ್. ಕಾರು ನಿಂತಲ್ಲೇ ನಿಂತಿದೆ.” ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟಳು. “ಹಾಗಾದ್ರೆ ಕರೆಂಟು ಕುಡಿದವರು ಯಾರಪ್ಪಾ?”

ಕ್ಲಿನಿಕ್ಕಿನಿಂದ ರೋಗಿ ಕೆಮ್ಮಿದ್ದು ಕೇಳಿಸಿತು.

ಚಿಕ್ಕಮ್ಮ ಕೈಚೀಲದಿಂದ ತನ್ನ ಆಯುಧ ತೆಗೆದಳು. ಉದ್ದ ಹಿಡಿಯ ತುದಿಯಲ್ಲಿ ಗುಂಡಿಯಷ್ಟು ಕನ್ನಡಿ. ಡಾಕ್ಟರುಗಳು ಬಾಯೊಳಗೆ ಹಿಂದಿನ ಹಲ್ಲು ನೋಡುವಂಥದ್ದು. ಮಗಳು ಕ್ಲಿನಿಕ್ ತೆರೆದ ದಿನ ಕೊಟ್ಟ ಉಡುಗೊರೆ. ಅಲ್ಲಿಂದೀಚೆಗೆ ಚಿಕ್ಕಮ್ಮ ಅದನ್ನು ಹಿಡಿದು ನೂರಾರು ಕಾರುಗಳ ದವಡೆ ತಡಕಾಡಿದ್ದಳು.

“ಆ ಮಾಡಮ್ಮ, ಆ…” ಎನ್ನುತ್ತ ಗಯ್ಯಾಳಿಯ ಬಾನೆಟ್ಟು ಎತ್ತಿಸಿದಳು.

ಬ್ಯಾಟರಿಯ ಹಿಂಬದಿಗೆ ಕನ್ನಡಿ ಇಳಿಸಿ ಟಾರ್ಚು ಹಿಡಿದಳು. ದಪ್ಪ ಕೇಬಲ್ಲು ಸ್ವಿಚ್ಚಿನ ಕಡೆಗೆ ಹೋಗಿತ್ತು, ಅದು ಸರಿ. ಅದರ ಬುಡದಲ್ಲಿ, ಕೂದಲಿಗಿಂತ ಸ್ವಲ್ಪ ದಪ್ಪಗೆ, ಇನ್ನೊಂದು ವೈರು ಹೊರಟು ಸ್ವಿಚ್ಚಿನ ಹಂಗೇ ಇಲ್ಲದೆ ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಹಿಂದೆ ಮರೆಯಾಗಿತ್ತು. ಅವಳು ಬೆರಳು ತೂರಿಸಿದಳು. ಮಣಿಕಟ್ಟು ತರಚಿತು. ಮತ್ತಷ್ಟು ತೂರಿಸಿದಳು. ಕೈಗೆ ಬಂದದ್ದು ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ. ಕಾರಿನ ಬ್ಯಾಟರಿ ಸತ್ತರೂ ಡಬ್ಬಿಯ ಹೊಟ್ಟೆಯೊಳಗಿನ ಪುಟ್ಟ ಬ್ಯಾಟರಿಯಿಂದ ಹಸಿರು ದೀಪ ಮಿಣುಕುತ್ತಿತ್ತು.

“ಟ್ರ್ಯಾಕರ್ ಹಾಕ್ಸಬೇಕೋ ಬೇಡವೋ ಅಂತ ತಲೆ ಕೆಡಿಸ್ಕೊಂಡಿದ್ದೀವಲ್ಲ,” ಎಂದಳು. “ಯಾರೋ ಪುಣ್ಯಾತ್ಮರು ಆಗ್ಲೇ ಹಾಕಿ ಆಗಿದೆ.”

ಮಗಳು ಕಾರಿನಿಂದ ಇಳಿದಳೋ ಬಿದ್ದಳೋ ಗೊತ್ತಾಗಲಿಲ್ಲ. “ನನ್ನ ಕಾರಿಗಾ? ನನಗೆ ಗೊತ್ತಿಲ್ಲದೆ?”

ಚಿಕ್ಕಮ್ಮ ವೈರಿನ ತುದಿಯನ್ನು ಬೆಳಕಿಗೆ ಹಿಡಿದಿದ್ದಳು. ಎಲ್ಲರೂ ಸುತ್ತುವ ಪ್ಲಾಸ್ಟಿಕ್ ಟೇಪಲ್ಲ. ಬಟ್ಟೆಯ ಟೇಪು. ಎಂಜಿನ್ನಿನ ಕಾವಿಗೆ ಪ್ಲಾಸ್ಟಿಕ್ ಕರಗಿ ಅಂಟಂಟಾಗುತ್ತದೆ ಎಂದು ಬಟ್ಟೆಯದನ್ನೇ ಸುತ್ತುವವರು ಈ ಊರಲ್ಲಿ ಎಷ್ಟು ಜನ? ಗಯ್ಯಾಳಿಯ ಮೈತುಂಬ ಇದ್ದದ್ದು ಅದೇ ಟೇಪು, ಅದೇ ಕೈ.

“ಅಣ್ಣ,” ಎಂದಳು ಮೆಲ್ಲಗೆ. “ಇದು ನಿಮ್ಮ ಕೈಕೆಲಸ ಅಲ್ವಾ?”

ಮಾಮನ ಮುಖ ಬಿಳುಚಿತು. ನಂತರ ಕೆಂಪಾಯಿತು.

“ಏನ್ ಮಾತಾಡ್ತಿದ್ದೀರಿ ತಾಯಿ? ಇವಳಪ್ಪ ನಾನು ಒಂದೇ ತಟ್ಟೇಲಿ ಉಂಡವರು. ಇವಳು ಹಲ್ಲು ಬರದೇ ಇದ್ದಾಗ ಈ ಹೆಗಲ ಮೇಲೆ ಜೊಲ್ಲು ಸುರಿಸಿದ್ದಾಳೆ. ಇವಳ ಕಾರಿಗೆ ನಾನು ಕಳ್ಳಡಬ್ಬಿ ಇಡ್ತೀನಾ?”

“ಟೇಪು?”

“ಟೇಪು ಅಂಗಡೀಲಿ ಸಿಗುತ್ತೆ! ಅದೂ ಅಲ್ದೆ, ಗಡ್ಡ ಒಂದು ವರ್ಷ ಕೆಲಸ ಕಲಿತದ್ದು ಯಾರ ಹತ್ರ? ನನ್ನ ಹತ್ರ. ಟೇಪು ಸುತ್ತೋದು ಕಲಿಸಿದ್ದೂ ನಾನೇ.” “ಅವನ ಹೆಸರು ಹೇಳೋ ಹಾಗೆ ಮಾಡಿಬಿಟ್ರಲ್ಲ.”

ಮಗಳು ಮಾಮನ ಪಕ್ಕಕ್ಕೆ ಹೋಗಿ ನಿಂತಳು. “ಚಿಕ್ಕಮ್ಮ, ಸಾಕು. ಮಾಮನ್ನ ಅನ್ನಬೇಡಿ.”

“ಹಾಗಾದ್ರೆ ಗಡ್ಡನೇ ಹಾಕಿದ್ನಾ? ಹಾಕಿದ್ರೆ ಪೊಲೀಸರ ಹತ್ರ ಹೇಳೋಕೇನಾಗಿತ್ತು ಆ ಗೂಬೆಗೆ? ‘ಅಕ್ಕನ ಕಾರಿಗೂ ಹಾಕಿದ್ದೀನಿ’ ಅಂದಿದ್ರೆ ಅರ್ಧ ಕೇಸು ಅಲ್ಲೇ ಬಿದ್ದುಹೋಗ್ತಿತ್ತಲ್ಲ!”

ಬಾಗಿಲಲ್ಲಿ ಏನೋ ಕಟಕ್ಕೆಂದಿತು. ಅಳಿಯನ ಕೈಯಲ್ಲಿದ್ದ ಕನ್ನಡಕದ ಕಾಲು ಮುರಿದಿತ್ತು.

“ನಾನು,” ಎಂದ ಅಳಿಯ. “ನಾನೇ ಹಾಕ್ಸಿದ್ದು. ಗಡ್ಡನ ಕೈಲಿ.”



“ರೀ…” ಎಂದಳು ಮಗಳು.

“ನೀನು ಬೆಳಕು ಹರಿಯೋ ಮುಂಚೆ ಇದನ್ನ ಹತ್ತಿ ಹೋಗ್ತೀಯ. ಎಲ್ಲಿಗೆ ಅಂತ ಹೇಳಲ್ಲ, ಎಷ್ಟು ಸ್ಪೀಡು ಅಂತ ಕೇಳಿದ್ರೆ ನಗ್ತೀಯ. ಯಾವುದೋ ತಿರುವಲ್ಲಿ ನೀನು ಬಿದ್ದಿದ್ರೆ ನನಗೆ ಯಾರು ಹೇಳ್ತಾರೆ? ಹಾಸಿಗೇಲಿ ಕೂತು ಆ ಚುಕ್ಕೆ ನೋಡ್ತಾ ಇರ್ತಿದ್ದೆ, ಅದು ಮನೆ ಕಡೆ ತಿರುಗೋವರೆಗೂ.” ಅವನು ತಲೆ ಎತ್ತಲಿಲ್ಲ. “ಗೊತ್ತಾದ್ರೆ ನೀನು ಸುಮ್ನೆ ಬಿಡಲ್ಲ ಅಂತ ಗಡ್ಡನ ಹತ್ರ ಭಾಷೆ ತಗೊಂಡಿದ್ದೆ. ಅಕ್ಕನಿಗೆ ಹೇಳಬೇಡ ಅಂತ.”

“ಅದಕ್ಕೇ ಅವನು ಬಾಯಿ ಬಿಟ್ಟಿಲ್ವಾ?” ಮಗಳು ಗಂಡನ ಕಡೆ ತಿರುಗಿದಳು. “ಭಾವನಿಗೆ ಮಾತು ಕೊಟ್ಟಿದ್ದೀನಿ ಅಂತ ಲಾಕಪ್ಪಲ್ಲಿ ಕೂತಿದ್ದಾನಾ? ನೀವು ಅದನ್ನ ನೋಡ್ಕೊಂಡು ಸುಮ್ನೆ ಅಂಗಡಿಗೆ ಹೋಗಿ ಬರ್ತಿದ್ರಾ?”

“ಹೇಳೋಣ ಅಂತ ದಿನಾ ಅಂದ್ಕೊಂಡೆ. ಮೊದಲನೇ ದಿನ ಹೇಳ್ಲಿಲ್ಲ. ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ.”

ಮಗಳು ಕೈಗೆ ಸಿಕ್ಕ ಒರೆಸುವ ಬಟ್ಟೆಯನ್ನು ಅವನ ಮೇಲೆ ಎಸೆದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಇಸ್ತ್ರಿ ಅಂಗಿಯ ಮೇಲೆ ಎಣ್ಣೆಯ ಕಲೆ ಅಗಲವಾಗಿ ಹರಡಿಕೊಂಡಿತು.

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡು ಮಾಮನ ಎರಡೂ ಕೈ ಹಿಡಿದಳು. “ತಪ್ಪಾಯ್ತು ಅಣ್ಣ. ವಯಸ್ಸಾಗ್ತಾ ನನ್ನ ಬಾಯಿ ಕಣ್ಣಿಗಿಂತ ಮುಂದೆ ಓಡುತ್ತೆ. ಮನಸ್ಸಲ್ಲಿ ಇಟ್ಕೋಬೇಡಿ.”

“ಇರ್ಲಿ ಬಿಡಿ ತಾಯಿ,” ಎಂದ ಮಾಮ. ಅವನ ಅಂಗೈ ತಣ್ಣಗಿತ್ತು. ಪಾಪ, ಎಷ್ಟು ನೊಂದುಕೊಂಡಿರಬೇಕು ಎಂದುಕೊಂಡಳು.

“ಸರಿ, ಅಳೋದು ಬೈಯೋದು ರಾತ್ರಿ ಮನೇಲಿ ಇಟ್ಕೊಳ್ಳಿ. ಈಗ ಕೆಲಸ. ಅಳಿಯಂದ್ರೇ, ಫೋನ್ ತೆಗೀರಿ. ಈ ಡಬ್ಬಿ, ಆ ಚುಕ್ಕೆ, ನೀವು, ಮೂವರೂ ನೇರ ಇನ್‌ಸ್ಪೆಕ್ಟರ್ ಮುಂದೆ.”

ಅಳಿಯ ಫೋನು ತೆರೆದು ತೋರಿಸಿದ. ನೀಲಿ ಚುಕ್ಕೆ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಇದೇ ಶೆಡ್ಡಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಹಸಿರು ಅಕ್ಷರ: ಎಲ್ಲವೂ ಸರಿಯಾಗಿದೆ.

“ಕಿತ್ರೆ ಇದು ಕೂಗುತ್ತೆ ಅಲ್ವಾ?”

“ಹೌದು ಅತ್ತೆ. ವೈರು ಬಿಚ್ಚಿದ್ರೆ ಎಚ್ಚರಿಕೆ ಬರುತ್ತೆ. ಈ ತಗಡಿನ ಕೆಳಗೆ ಸಿಗ್ನಲ್ ಕಮ್ಮಿ, ಸ್ವಲ್ಪ ತಡ ಆಗುತ್ತೆ ಅಷ್ಟೇ.”

ಚಿಕ್ಕಮ್ಮ ಡಬ್ಬಿಯನ್ನು ವೈರಿನಿಂದ ಎಳೆದಳು. ಹಸಿರು ದೀಪ ಕೆಂಪಾಯಿತು. ಎಲ್ಲರೂ ಅಳಿಯನ ಫೋನನ್ನೇ ನೋಡುತ್ತ ನಿಂತರು.

ಫೋನು ಕೂಗಲಿಲ್ಲ.

ಕ್ಲಿನಿಕ್ಕಿನಿಂದ ರೋಗಿ ಸೊಟ್ಟ ಬಾಯಿಯಲ್ಲೇ “ಡಾತ್ತರೇ…” ಎಂದು ಕರೆದ. “ಐದು ನಿಮಿಷ!” ಎಂದು ಮಗಳು ಕಿರುಚಿದಳು. ಫೋನಿನಲ್ಲಿ ಅದೇ ಚುಕ್ಕೆ, ಅದೇ ಹಸಿರು ಅಕ್ಷರ.

“ಅಳಿಯಂದ್ರೇ, ಇದು ಯಾವತ್ತಾದ್ರೂ ಕೂಗಿತ್ತಾ?”

“ಒಂದೇ ಒಂದು ಸಲ. ಹೋದ ತಿಂಗಳು, ಸರ್ವೀಸ್ ದಿನ. ಬ್ಯಾಟರಿ ಬದಲಾಯಿಸ್ತಿದ್ದಾರೆ ಅಂತ ನಾನೂ ಸುಮ್ನಾದೆ. ಕಾರು ಶೆಡ್ಡಿಗೆ ಬಂದಮೇಲೆ ಚುಕ್ಕೆ ಸರಿಯಾಗೇ ಇತ್ತಲ್ಲ.”

ಸರ್ವೀಸ್ ದಿನ ಬರುವ ಎಚ್ಚರಿಕೆಯನ್ನು ಯಾವ ಯಜಮಾನ ತಾನೇ ಲೆಕ್ಕಕ್ಕೆ ಇಡುತ್ತಾನೆ? ಚಿಕ್ಕಮ್ಮ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು ಶೆಡ್ಡಿನ ಸುತ್ತ ಕಣ್ಣು ಹರಿಸಿದಳು. ಚುಕ್ಕೆ ಇಲ್ಲೇ ಇದೆ ಅನ್ನುತ್ತಿದೆ. ಈ ಡಬ್ಬಿ ಅದಲ್ಲ. ಹಾಗಾದರೆ ಗಡ್ಡ ಹಾಕಿದ ಡಬ್ಬಿ ಇಲ್ಲೇ ಎಲ್ಲೋ ಇನ್ನೂ ಕರೆಂಟು ಕುಡಿಯುತ್ತ ಕೂತಿದೆ.

ಮೂಲೆಯಲ್ಲಿ, ಕರೆಂಟು ಹೋದಾಗ ಡಾಕ್ಟರ ಕುರ್ಚಿ ನಡೆಸುವ ಇನ್ವರ್ಟರು ಗುಂಯ್‌ಗುಡುತ್ತಿತ್ತು. ಚಿಕ್ಕಮ್ಮ ಅದರ ಹಿಂದೆ ಕನ್ನಡಿ ಚಾಚಿದಳು. ಧೂಳು. ಜೇಡರ ಬಲೆ. ಬಲೆ ಒಂದೇ ಕಡೆ ಹರಿದಿತ್ತು. ಅಲ್ಲಿ ಇನ್ವರ್ಟರಿನ ಬ್ಯಾಟರಿಗೆ ಅಂಟಿಕೊಂಡು ಇನ್ನೊಂದು ಕರಿ ಡಬ್ಬಿ, ಹಸಿರು ದೀಪ ಉರಿಸುತ್ತ, ತಾನೇ ಕಾರು ಎಂದು ಎಲ್ಲರನ್ನೂ ನಂಬಿಸುತ್ತಿತ್ತು. ಅದರ ಬೆನ್ನ ಮೇಲೆ ಗಡ್ಡನ ಅಂಗಡಿಯ ಚೀಟಿ.

“ಹೀಗೆ,” ಎಂದಳು ಚಿಕ್ಕಮ್ಮ. “ಆ ಎರಡು ಕಾರೂ ಹೋದದ್ದು ಹೀಗೇ. ಸರ್ವೀಸ್ ದಿನ ಡಬ್ಬಿ ಕಿತ್ತು, ಆಮೇಲೆ ಶೆಡ್ಡಲ್ಲೇ ಎಲ್ಲೋ ಸಿಗಿಸಿಟ್ಟಿದ್ದಾರೆ. ಕಾರು ಎಲ್ಲಿಗೆ ಹೋದ್ರೂ ಚುಕ್ಕೆ ಮನೇಲಿ. ಗಡ್ಡನ ಡಬ್ಬಿ ಸುಳ್ಳು ಹೇಳೇ ಇಲ್ಲ ಮಗಳೇ. ಡಬ್ಬಿ ಇದ್ದ ಜಾಗವನ್ನ ಅದು ಸತ್ಯವಾಗೇ ತೋರಿಸಿದೆ!”

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ನೀರು ದಳದಳ ಇಳಿಯಿತು. “ಬಿಟ್ಟುಬಿಡ್ತಾರೆ ಅಲ್ವಾ? ನಾಳೆ ಗಡ್ಡನ್ನ ಬಿಟ್ಟುಬಿಡ್ತಾರೆ ಅಲ್ವಾ ಚಿಕ್ಕಮ್ಮ?” ಎನ್ನುತ್ತ ಪಕ್ಕದಲ್ಲಿದ್ದ ಮಾಮನ ತೋಳಿಗೆ ಹಣೆಯಿಟ್ಟು ಬಿಕ್ಕಿದಳು. ಅಪ್ಪ ಹೋದ ದಿನವೂ ಅವಳು ಆ ತೋಳನ್ನೇ ಹಿಡಿದು ನಿಂತಿದ್ದಳು.

ಚಿಕ್ಕಮ್ಮ ಹೂಂ ಎನ್ನಬೇಕೆಂದುಕೊಂಡಳು. ಆದರೆ ಬಾನೆಟ್ಟಿನ ಮೇಲಿದ್ದ ಮೊದಲನೇ ಡಬ್ಬಿಯ ಕೆಂಪು ದೀಪ ಅವಳ ಕಣ್ಣು ಚುಚ್ಚುತ್ತಿತ್ತು.

“ಅದು ಗಡ್ಡನದು. ಸರಿ. ಹಾಗಾದ್ರೆ ಇದು ಯಾರದು?”

ಟಿಣ್.

ಚಿಕ್ಕ ಸದ್ದು. ಎಲ್ಲರೂ ಅಳಿಯನ ಫೋನು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಮಗಳ ಫೋನು ಕ್ಲಿನಿಕ್ಕಿನಲ್ಲಿತ್ತು, ಚಿಕ್ಕಮ್ಮನದು ಕೈಚೀಲದಲ್ಲಿ ಆಫ್ ಆಗಿತ್ತು.

ಟಿಣ್. ಟಿಣ್.

ಸದ್ದು ಬಂದದ್ದು ಗ್ರೀಸು ಕುಡಿದ ಮೇಲಂಗಿಯ ಎದೆಯ ಜೇಬಿನಿಂದ.

ಮಗಳು ಇನ್ನೂ ಅದೇ ತೋಳು ಹಿಡಿದಿದ್ದಳು. “ಮಾಮ, ನಿಮ್ಮ ಫೋನು,” ಎಂದಳು, ದಿನಾ ಹೇಳುವ ಹಾಗೆ. ಹೇಳಿದ ಮೇಲೆ ಅವಳ ಬೆರಳುಗಳು ಒಂದೊಂದಾಗಿ ಸಡಿಲಗೊಂಡವು.

ಮಾಮ ಜೇಬಿಗೆ ಕೈ ಹಾಕಲಿಲ್ಲ. ಮಗಳ ಮುಖವನ್ನೂ ನೋಡಲಿಲ್ಲ. ತೆರೆದ ಶೆಡ್ಡಿನ ಬಾಗಿಲು, ಅದರಾಚೆಯ ಬೀದಿ, ಅಲ್ಲಿಗೇ ಅವನ ಕಣ್ಣು ನೆಟ್ಟಿತ್ತು. ಆ ಕಣ್ಣಲ್ಲಿ ಇದ್ದದ್ದು ಸಿಕ್ಕಿಬಿದ್ದ ಕಳ್ಳನ ನಾಚಿಕೆಯಲ್ಲ. ಚಿಕ್ಕಮ್ಮ ಎಷ್ಟೋ ಕಳ್ಳರನ್ನು ನೋಡಿದ್ದಳು. ಇದು ಭಯ.

“ಆ ಡಬ್ಬಿ ಯಾಕೆ ಕಿತ್ತಿರಿ ತಾಯಿ…” ಎಂದ ಮಾಮ. “ಮೊದಲು ಬಾಗಿಲು ಹಾಕಿ, ಬೇಗ. ಈ ಸದ್ದು ಬರೋದು ನನ್ನೊಬ್ಬನ ಫೋನಿಗೆ ಮಾತ್ರ ಅಲ್ಲ, ನನ್ನ ಕೈಲಿ ಇದನ್ನ ಇಡ್ಸಿದವರ ಫೋನಿಗೂ.”